ಒಳಬೆಟ್ಟದ ಒರತೆ

ನೈಲ್ ನದಿಯ ನೀರು ಹರಿದಷ್ಟು ದೂರ ಈಜಿಪ್ಟ್ ಹಸುರು. ಅದರಾಚೆ ಮರಳು, ಕಲ್ಲು, ಬಿಸಿಲು. ರೋಮನ್ ಚಕ್ರವರ್ತಿಗಳ ಆಳ್ವಿಕೆಯ ಮೂರು, ನಾಲ್ಕನೆಯ ಶತಮಾನಗಳಲ್ಲಿ, ಆ ಹಸುರಿನಲ್ಲಿ ಹುಟ್ಟಿ ಬೆಳೆದ ಕ್ರೈಸ್ತರು ಗುಂಪುಗುಂಪಾಗಿ ಬೆಂಗಾಡನ್ನು ಅರಸಿ ಹೊರಟರು. ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಮಾಡಿ ಹಗಲಿರುಳು ಹೇಳಿಕೊಳ್ಳುತ್ತಿದ್ದ ಆ ಸನ್ಯಾಸಿಗಳಿಗೆ, ಅವುಗಳಲ್ಲಿ ಬರುವ, ದೇವರಿಗಾಗಿ ಬಾಯಾರುವುದೆಂಬ ಮಾತು ಬರಿಯ ಕವಿಸಮಯವಾಗಿರಲಿಲ್ಲ. ಬಾಯಾರಿಕೆ ಎಂದರೇನೆಂದು ಅವರ ನಾಲಿಗೆಗೇ ಗೊತ್ತಿತ್ತು.

ಅವರೆಲ್ಲರಿಗೂ ಹಿರಿಯನೆನಿಸಿದವನು ಅಂತೋಣಿ. ಕ್ರಿ.ಶ. 251ರ ಸುಮಾರಿಗೆ ಉಳ್ಳವರ ಮನೆಯಲ್ಲಿ ಹುಟ್ಟಿದವನು. ತಂದೆತಾಯಿ ತೀರಿಕೊಂಡ ಕೆಲವು ತಿಂಗಳಲ್ಲೇ, ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡೆಂದು ಯೇಸು ಧನಿಕ ಯುವಕನಿಗೆ ಹೇಳಿದ ಮಾತು ದೇವಾಲಯದಲ್ಲಿ ಓದಿದ್ದು ಅವನ ಕಿವಿಗೆ ಬಿತ್ತು. ಅದು ತನಗೇ ಹೇಳಿದ್ದೆಂದು ತಿಳಿದ. ತಂದೆಯಿಂದ ಬಂದ 300 ಅರೂರ (ಈಜಿಪ್ಟಿನ ನೆಲದಳತೆ) ಫಲವತ್ತಾದ ಹೊಲ ಊರವರ ಪಾಲಾಯಿತು. ಗೋರಿಗಳ ನಡುವೆ ಕೆಲಕಾಲ, ನೈಲ್ ದಾಟಿ ಪಾಳುಕೋಟೆಯೊಂದರಲ್ಲಿ 20 ವರ್ಷ ಒಬ್ಬಂಟಿಯಾಗಿ ಕಳೆದ. ಅಲ್ಲಿಯೂ ಜನ ಬೆನ್ನುಬಿಡದಿದ್ದಾಗ, 313ರ ಆಸುಪಾಸಿನಲ್ಲಿ, ಅಲೆಮಾರಿ ಅರಬರ ತಂಡದೊಡನೆ ಮೂರು ಹಗಲು ಮೂರು ಇರುಳು ಮರಳುಗಾಡಿನ ಒಳಕ್ಕೆ ನಡೆದ. ಕೆಂಪು ಸಮುದ್ರದ ಕಡೆಯ ಎತ್ತರದ ಬೆಟ್ಟದ ಬುಡದಲ್ಲಿ ತಿಳಿಯಾದ, ಸಿಹಿಯಾದ, ತಣ್ಣನೆಯ ಒರತೆ. ಸುತ್ತ ಒಂದಿಷ್ಟು ಬಯಲು, ನೋಡುವವರಿಲ್ಲದ ನಾಲ್ಕಾರು ಖರ್ಜೂರದ ಮರ. ಅಂತೋಣಿ ಅಲ್ಲೇ ನಿಂತ.

ಅವನ ಚರಿತ್ರೆ ಬರೆದ ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಅಥನಾಸಿಯಸನು ಹೇಳುವ ಒಂದು ಸಣ್ಣ ಸಂಗತಿ, ನನ್ನ ಮಟ್ಟಿಗೆ, ಅವನ ದೊಡ್ಡ ಪವಾಡಗಳಿಗಿಂತ ಹಿರಿದು. ಅಂತೋಣಿ ಆ ಬಯಲಲ್ಲಿ ತನಗಾಗಿ ಗೋಧಿ ಬೆಳೆದುಕೊಂಡ. ಬರಬರುತ್ತ ಭೇಟಿಗೆ ಬರುವವರು ಹೆಚ್ಚಿದರು. ಆಗ ಸೊಪ್ಪು ತರಕಾರಿಯನ್ನೂ ಹಾಕಿದ. ಅದು ತನಗಲ್ಲ, ಅಷ್ಟು ದೂರ ಸುಟ್ಟುಕೊಂಡು ಬಂದವರಿಗೆ ತುಸು ತಂಪಾಗಲೆಂದು. ಏಕಾಂತವನ್ನೇ ಬಯಸಿ ಬಂದವನು ಅರವಟ್ಟಿಗೆ ಇಟ್ಟುಕೊಂಡವನಂತೆ ಬಾಳಿದ.

ಒಮ್ಮೆ ಸನ್ಯಾಸಿಗಳು ಅವನನ್ನು ತಮ್ಮ ನೆಲೆಗಳಿಗೆ ಕರೆದೊಯ್ಯುತ್ತಿದ್ದರು. ರೊಟ್ಟಿ, ನೀರು ಹೊತ್ತ ಒಂಟೆ ಜೊತೆಗಿತ್ತು. ನಡುದಾರಿಯಲ್ಲಿ ನೀರು ಮುಗಿಯಿತು. ಸುತ್ತೆಲ್ಲ ಹುಡುಕಿ ಸೋತವರು ಒಂಟೆಯನ್ನು ಅದರ ಪಾಡಿಗೆ ಬಿಟ್ಟು, ಪ್ರಾಣದ ಆಸೆ ತೊರೆದು ನೆಲಕ್ಕೊರಗಿದರು. ಮುದುಕ ನೊಂದು, ತುಸು ದೂರ ಹೋಗಿ, ಮೊಣಕಾಲೂರಿ ಕೈಚಾಚಿ ಪ್ರಾರ್ಥಿಸಿದ. ಅವನಿದ್ದ ಜಾಗದಲ್ಲೇ ನೀರು ಚಿಮ್ಮಿತೆನ್ನುತ್ತದೆ ಚರಿತ್ರೆ. ಎಲ್ಲರೂ ಕುಡಿದು, ತೊಗಲಚೀಲಗಳನ್ನು ತುಂಬಿಸಿಕೊಂಡ ಮೇಲೆ ಒಂಟೆಯನ್ನು ಹುಡುಕಿದರು. ಅದರ ಹಗ್ಗ ಕಲ್ಲೊಂದಕ್ಕೆ ಸಿಕ್ಕಿಕೊಂಡಿತ್ತು. ಅದಕ್ಕೂ ನೀರು ಕುಡಿಸಿಯೇ ಮುಂದೆ ನಡೆದರು.

ಇನ್ನೊಂದು ಘಟನೆ ಅಷ್ಟು ಹಗುರವಲ್ಲ. ಅಂತೋಣಿ ಬೆಟ್ಟದ ಮೇಲೆ ಕುಳಿತಿದ್ದವನು ಇದ್ದಕ್ಕಿದ್ದಂತೆ ಹತ್ತಿರವಿದ್ದ ಇಬ್ಬರು ಸನ್ಯಾಸಿಗಳನ್ನು ಕರೆದು, ನೀರಿನ ಕೊಡ ಹಿಡಿದು ಈಜಿಪ್ಟಿನ ದಾರಿಯಲ್ಲಿ ಓಡಿರೆಂದ. ಬರುತ್ತಿದ್ದ ಇಬ್ಬರಲ್ಲಿ ಒಬ್ಬ ಆಗಲೇ ಸತ್ತಿದ್ದಾನೆ, ತಡಮಾಡಿದರೆ ಇನ್ನೊಬ್ಬನೂ ಉಳಿಯನು ಎಂದ. ಒಂದು ದಿನದ ಹಾದಿ. ಹೋದವರು ಸತ್ತವನನ್ನು ಮಣ್ಣುಮಾಡಿ, ಉಸಿರಿದ್ದವನಿಗೆ ನೀರುಣಿಸಿ ಕರೆತಂದರು. ಮೊದಲನೆಯವನು ಸಾಯುವ ಮುನ್ನವೇ ಏಕೆ ಹೇಳಲಿಲ್ಲ? ಓದುಗರು ಹೀಗೆ ಕೇಳಿಯಾರೆಂದು ಅಥನಾಸಿಯಸನಿಗೇ ಅನ್ನಿಸಿತ್ತು. ಸಾವಿನ ತೀರ್ಪು ದೇವರದು, ಅಂತೋಣಿಯದಲ್ಲ ಎಂದು ಉತ್ತರಿಸಿದ. ಆ ಉತ್ತರದಿಂದ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ. ಆದರೆ ಸತ್ತವನನ್ನು ಕಥೆಯಿಂದ ಮರೆಮಾಡದ ಆ ಪ್ರಾಮಾಣಿಕತೆಗೆ ಕೈಮುಗಿಯುತ್ತೇನೆ.

ಅಂತೋಣಿ 356ರಲ್ಲಿ, 105ರ ವಯಸ್ಸಿನಲ್ಲಿ ಕಣ್ಮುಚ್ಚಿದ. ಅಷ್ಟರಲ್ಲಿ ನೈಲ್ ನದಿಯ ಪಶ್ಚಿಮಕ್ಕೆ, ಸ್ಕೇಟಿಸ್ ಎಂಬ ಸವಳು ತಗ್ಗಿನಲ್ಲಿಯೂ ಸನ್ಯಾಸಿಗಳ ಗುಡಿಸಲುಗಳೆದ್ದಿದ್ದವು. ಆ ಕಡೆಯ ಮರಳುಗಾಡಿನಲ್ಲೇ ಮುಂದೊಮ್ಮೆ ವಿದ್ವಾಂಸ ಸನ್ಯಾಸಿ ಇವಾಗ್ರಿಯಸ್ ಸುಡುಮಧ್ಯಾಹ್ನ ತನ್ನ ಗುರು ಮಕಾರಿಯಸನ ಬಳಿ ಹೋಗಿ, ದಾಹ ತಾಳಲಾರದೆ ನೀರು ಕೇಳಿದ. ನೆರಳು ಸಿಕ್ಕಿತಲ್ಲ, ಅಷ್ಟು ಸಾಕು. ದಾರಿಯಲ್ಲಿ, ಕಡಲಲ್ಲಿ ಅದೂ ಇಲ್ಲದವರೆಷ್ಟೋ ಮಂದಿ ಎಂದ ಗುರು. ಕಟುವೆನಿಸುವ ಮಾತು. ಆದರೆ ಹೇಳಿದವನು ತಾನೇ 20 ವರ್ಷ ಹೊಟ್ಟೆತುಂಬ ನೀರು ಕುಡಿದವನಲ್ಲ. ಕೇಳಿದವನಿಗೆ ತನ್ನ ದಾಹದ ಜೊತೆಗೆ ಕಾಣದವರ ದಾಹವನ್ನೂ ನೆನಪಿಸಿದ.

ಹೀಗೆ ನೆನಪಿಸುವವರೇ ಇಲ್ಲದೆ ಹೋದವನ ಕಥೆಯನ್ನು ಸನ್ಯಾಸಿಗಳ ಚರಿತ್ರೆಕಾರ ಪಲ್ಲಾಡಿಯಸ್ ಬರೆದಿಟ್ಟಿದ್ದಾನೆ. ಟಾಲೆಮಿ ಎಂಬ ಸನ್ಯಾಸಿ ಸ್ಕೇಟಿಸಿನಾಚೆ, ಸನ್ಯಾಸಿ ಸಹೋದರರ ಬಾವಿಯಿಂದ 18 ಮೈಲಿ ದೂರದಲ್ಲಿ ನೆಲೆ ಮಾಡಿದ. ಅಲ್ಲಿ ಯಾರೂ ಬದುಕಲಾರರು ಎನ್ನುತ್ತಿದ್ದರು. ಅವನು ಬದುಕಿದ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬಂಡೆಗಳ ಮೇಲಿನ ಇಬ್ಬನಿಯನ್ನು ಸ್ಪಂಜಿನಿಂದ ಒತ್ತಿ ತೆಗೆದು, ಮಡಕೆಗಳಲ್ಲಿ ತುಂಬಿಟ್ಟು, 15 ವರ್ಷ ಕಳೆದ. ಎಂಥ ತಾಳ್ಮೆ, ಎಂಥ ಜಾಣ್ಮೆ! ಆದರೆ ಹಿರಿಯರ ಬೋಧನೆಯಿಲ್ಲ, ಸಹವಾಸವಿಲ್ಲ, ಪರಮಪ್ರಸಾದವಿಲ್ಲ. ಕೊನೆಗೆ ಇದೆಲ್ಲ ಬರಿ ಸುಳ್ಳೆಂದು ಸಾರಿ, ಈಜಿಪ್ಟಿನಲ್ಲಿ ಅಲೆಯುತ್ತ, ಹೊಟ್ಟೆಬಾಕತನಕ್ಕೂ ಕುಡಿತಕ್ಕೂ ಬಿದ್ದ, ಯಾರೊಡನೆಯೂ ಮಾತಿಲ್ಲ. ಪಲ್ಲಾಡಿಯಸ್ ಇದಕ್ಕೆ ಅಹಂಕಾರವನ್ನು ದೂರುತ್ತಾನೆ. ನನಗೆ ಅಹಂಕಾರದಷ್ಟೇ ಆ ದೂರವೂ ಕಾಣುತ್ತದೆ. ಬಾವಿಯವರೆಗೆ ನಡೆದುಹೋಗಿದ್ದರೆ ಅಲ್ಲಿ ನೀರು ಸೇದುವ ಮನುಷ್ಯರೂ ಸಿಗುತ್ತಿದ್ದರು. 420ರ ಸುಮಾರಿಗೆ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸನ ಅರಮನೆಯ ಅಧಿಕಾರಿ ಲಾಸಸನಿಗೆಂದು ಪುಣ್ಯಪುರುಷರ ಚರಿತ್ರೆಗಳನ್ನು ಬರೆದ ಪಲ್ಲಾಡಿಯಸ್, ಟಾಲೆಮಿಯನ್ನು ಆ ಸಾಲಿನಿಂದ ಕೈಬಿಡಲಿಲ್ಲ.