ಹೆಸರು ವ್ಯಾಂಡಲರದು, ಕೈ ಮನೆಯವರದು

2019ರ ಫೆಬ್ರುವರಿ ಆರಂಭದಲ್ಲಿ ಹಂಪಿಯ ಒಂದು ಪುಟ್ಟ ವಿಡಿಯೊ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಗಜಶಾಲೆಯ ಹಿಂದಿರುವ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ಕಲ್ಲಿನ ಕಂಬವೊಂದನ್ನು ತಳ್ಳುತ್ತಾರೆ. ಶತಮಾನಗಳಿಂದ ನಿಂತಿದ್ದ ಕಂಬ ಕ್ಷಣಾರ್ಧದಲ್ಲಿ ನೆಲಕ್ಕುರುಳುತ್ತದೆ. ಅವರು ಕದ್ದೊಯ್ದದ್ದು ಏನೂ ಇಲ್ಲ. ಬೀಳಿಸಿದರು, ಅದನ್ನು ಚಿತ್ರೀಕರಿಸಿಕೊಂಡರು, ಅಷ್ಟೆ.

ಇಂಥ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ವ್ಯಾಂಡಲಿಸಂ’ ಎಂಬ ಹೆಸರಿದೆ. ನಮ್ಮ ಪತ್ರಿಕೆಗಳು ‘ವಿಧ್ವಂಸಕ ಕೃತ್ಯ’ ಎಂದೋ ‘ಕಿಡಿಗೇಡಿಗಳ ಕೃತ್ಯ’ ಎಂದೋ ಬರೆದು ಮುಗಿಸುತ್ತವೆ. ಇಂಗ್ಲಿಷಿನ ಪದದ ಹಿಂದೆ ಮಾತ್ರ ಒಂದು ಇಡೀ ಜನಾಂಗದ ಹೆಸರು ಕೆಟ್ಟ ಕಥೆಯಿದೆ.

ವ್ಯಾಂಡಲರು ಜರ್ಮಾನಿಕ್ ಮೂಲದವರು. ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ರಾಜ್ಯ ಕಟ್ಟಿಕೊಂಡಿದ್ದ ಅವರ ದೊರೆ ಗೈಸೆರಿಕ್ 455ರಲ್ಲಿ ಹಡಗುಗಳಲ್ಲಿ ಬಂದು ರೋಮ್ ನಗರವನ್ನು ಹದಿನಾಲ್ಕು ದಿನ ಸೂರೆ ಮಾಡಿದ. ಚಿನ್ನ, ಬೆಳ್ಳಿ, ಸೆರೆಯಾಳುಗಳು, ಕೊನೆಗೆ ಜೂಪಿಟರ್ ದೇವಾಲಯದ ಚಿನ್ನದ ಲೇಪವಿದ್ದ ಕಂಚಿನ ಚಾವಣಿಯ ಅರ್ಧ ಭಾಗ ಸಹ ಹಡಗೇರಿತು. ಲೂಟಿ ಘೋರವೇ. ಆದರೆ ಅವರು ನಗರವನ್ನು ಸುಟ್ಟು ಬೂದಿ ಮಾಡಲಿಲ್ಲ, ಕಟ್ಟಡಗಳನ್ನು ಕೆಡವುತ್ತ ಕೂರಲೂ ಇಲ್ಲ.

ಹಾಗಾದರೆ ಕೆಡವಿದವರು ಯಾರು? ಉತ್ತರ ಮೂರೇ ವರ್ಷದ ನಂತರದ ಒಂದು ಕಾನೂನಿನಲ್ಲಿದೆ. 458ರಲ್ಲಿ ಚಕ್ರವರ್ತಿ ಮೇಜೋರಿಯನ್ ರೋಮಿನ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಕೆಡವಕೂಡದೆಂದು ಆಜ್ಞೆ ಹೊರಡಿಸಿದ. ಸರ್ಕಾರಿ ಕಾಮಗಾರಿಗೆ ಕಲ್ಲು ಬೇಕೆಂಬ ನೆಪ ಹೇಳಿ ಊರಿನವರೇ ಅವನ್ನು ಕಿತ್ತು ತಮ್ಮ ಮನೆಗಳಿಗೆ ಸಾಗಿಸುತ್ತಿದ್ದರು. ಅದಕ್ಕೆ ಅನುಮತಿ ಕೊಟ್ಟ ಅಧಿಕಾರಿಗೆ 50 ಪೌಂಡ್ ಚಿನ್ನದ ದಂಡ. ಅವನ ಮಾತು ಕೇಳಿದ ಕೈಕೆಳಗಿನ ನೌಕರರಿಗೆ ಏಟು ಮತ್ತು ಕೈ ಕಡಿಯುವ ಶಿಕ್ಷೆ. (ಕೆಳಗಿನವನಿಗೆ ಹೆಚ್ಚು ಪೆಟ್ಟು ಬೀಳುವುದು ಆಗಲೂ ಇತ್ತು.) ಆಜ್ಞೆಯಿಂದ ಆದ ಪ್ರಯೋಜನ ಅಷ್ಟಕ್ಕಷ್ಟೆ. ಕೊಲೋಸಿಯಂ ಶತಮಾನಗಳ ಕಾಲ ರೋಮನರ ಪಾಲಿಗೆ ಕಲ್ಲಿನ ಗಣಿಯಾಯಿತು. ಅಮೃತಶಿಲೆ ಸುಣ್ಣದ ಗೂಡಿನಲ್ಲಿ ಬೆಂದು ಗಾರೆಯಾಯಿತು.

ಕುತೂಹಲದ ಸಂಗತಿಯೆಂದರೆ, ಹೆಚ್ಚುಕಡಿಮೆ ಇದೇ ಕಾಲದಲ್ಲಿ, ಅಂದರೆ ಸುಮಾರು 450ರಲ್ಲಿ, ಕೆತ್ತಿದ ನಮ್ಮ ಹಲ್ಮಿಡಿ ಶಾಸನವೂ ದತ್ತಿಯನ್ನು ಅಳಿಸುವವನಿಗೆ ಮಹಾಪಾಪ ತಟ್ಟಲೆಂದು ಹೇಳುತ್ತದೆ. ಮುಂದಿನ ಶಾಸನಗಳಲ್ಲಿ ಈ ಶಾಪ ಬೆಳೆಯುತ್ತ ಹೋಗಿ ವಾರಾಣಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪದವರೆಗೆ ಮುಟ್ಟಿತು. ಹಾಳುಮಾಡುವ ಭಯ ಇಲ್ಲದಿದ್ದರೆ ಶಾಪದ ಅಗತ್ಯವೇ ಇರುತ್ತಿರಲಿಲ್ಲ.

ಮತ್ತೆ ಪದದ ಕಥೆಗೆ ಬರೋಣ. ಅದು ಹುಟ್ಟಿದ್ದು ರೋಮ್ ಸೂರೆಯಾಗಿ ಹದಿಮೂರು ಶತಮಾನಗಳಾದ ಮೇಲೆ, ಫ್ರಾನ್ಸಿನಲ್ಲಿ. 1793ರಲ್ಲಿ ಕ್ರಾಂತಿಕಾರಿಗಳು ಪ್ಯಾರಿಸ್ಸಿನ ನಾತ್ರ್ ದಾಮ್ ಚರ್ಚಿನ ಮುಂಭಾಗದಲ್ಲಿದ್ದ 28 ಅರಸರ ವಿಗ್ರಹಗಳನ್ನು ಕೆಳಗಿಳಿಸಿ ತಲೆ ಕಡಿದರು. ಅವು ಫ್ರಾನ್ಸಿನ ದೊರೆಗಳೆಂದು ಅವರ ಎಣಿಕೆ. ವಾಸ್ತವದಲ್ಲಿ ಅವು ಬೈಬಲ್ಲಿನ ಜೂಡಾ ಅರಸರ ವಿಗ್ರಹಗಳು! 1977ರಲ್ಲಿ ಪ್ಯಾರಿಸ್ಸಿನ ಬ್ಯಾಂಕೊಂದರ ಅಂಗಳ ಅಗೆಯುವಾಗ ಅವುಗಳಲ್ಲಿ 21 ತಲೆಗಳು ಸಿಕ್ಕವು. ಇಂಥ ನಾಶವನ್ನು ತಡೆಯಲು ಹೆಣಗಿದ ಪಾದ್ರಿ ಆನ್ರಿ ಗ್ರೆಗ್ವಾರ್ 1794ರಲ್ಲಿ ಫ್ರಾನ್ಸಿನ ಶಾಸನಸಭೆಗೆ ಸಲ್ಲಿಸಿದ ವರದಿಗಳಲ್ಲಿ ‘ವಾಂದಲಿಸ್ಮ್’ ಎಂಬ ಪದವನ್ನು ಚಲಾವಣೆಗೆ ತಂದ. ಗ್ರೆಗ್ವಾರ್ ಸ್ವತಃ ಕ್ರಾಂತಿಯ ಪರವಾಗಿದ್ದವನು. ಫ್ರೆಂಚರು ಫ್ರೆಂಚರದನ್ನೇ ಒಡೆದರು. ಕೆಟ್ಟ ಹೆಸರು ಮಾತ್ರ ಎಂದೋ ಅಳಿದುಹೋದ ವ್ಯಾಂಡಲರಿಗೆ ಬಂತು.

ಒಡೆಯುವುದೊಂದೇ ಇದರ ರೂಪವಲ್ಲ. ಬಂದ್ ದಿನ ಬಸ್ಸಿಗೆ ಬೀಳುವ ಕಲ್ಲು, ಉದ್ಯಾನದ ಮುರಿದ ಬೆಂಚು, ಸೀಟಿನ ಸ್ಪಂಜನ್ನು ಬ್ಲೇಡಿನಿಂದ ಸೀಳುವುದು ಎಲ್ಲರೂ ಕಂಡದ್ದೇ. ಆದರೆ ಗೋಡೆಯ ಮೇಲೆ ಹೆಸರು ಕೆತ್ತುವ ಚಟದ್ದು ಬೇರೆಯೇ ತೊಡಕು. 1819ರ ಏಪ್ರಿಲ್ 28ರಂದು ಬೇಟೆಗೆ ಹೋಗಿದ್ದ ಬ್ರಿಟಿಷ್ ಸೇನಾಧಿಕಾರಿ ಜಾನ್ ಸ್ಮಿತ್ ಅಜಂತಾದ ಹತ್ತನೇ ಗುಹೆಯ ಚಿತ್ರದ ಮೇಲೆ ತನ್ನ ಹೆಸರು, ದಿನಾಂಕ ಗೀಚಿದ. ಈಗ ಇತಿಹಾಸಕಾರರು ಅಜಂತಾ ಮತ್ತೆ ಬೆಳಕಿಗೆ ಬಂದ ದಿನಕ್ಕೆ ಆ ಗೀಚನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಶ್ರೀಲಂಕಾದ ಸಿಗಿರಿಯದ ಕನ್ನಡಿ ಗೋಡೆಯ ಮೇಲೆ ಸಾವಿರ ವರ್ಷಕ್ಕೂ ಹಿಂದೆ ಪ್ರವಾಸಿಗರು ಗೀಚಿಹೋದ ಪದ್ಯಗಳು ಇಂದು ಸಿಂಹಳ ಸಾಹಿತ್ಯದ ಆಸ್ತಿ. ಅದೇ ಗೋಡೆಯ ಮೇಲೆ ಹೆಸರು ಬರೆದ ಯುವತಿಗೆ 2015ರಲ್ಲಿ ಎರಡು ವರ್ಷ ಸೆರೆವಾಸ ವಿಧಿಸಲಾಯಿತು. ಆಮೇಲೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತೆನ್ನಿ. ಹಳೆಯ ಗೀಚನ್ನು ಕಾಪಾಡಲು ಹೊಸ ಗೀಚನ್ನು ದಂಡಿಸಬೇಕಾದ ಈ ಸ್ಥಿತಿ ವಿಚಿತ್ರವಾದರೂ ಬೇರೆ ದಾರಿಯಿಲ್ಲ. ಇಂದು ದಿನವೊಂದಕ್ಕೆ ಬರುವ ಜನರೆಲ್ಲ ಒಂದೊಂದು ಅಕ್ಷರ ಕೆತ್ತಿದರೂ ಗೋಡೆ ಉಳಿಯದು.

ಹಂಪಿಯಲ್ಲಿ ಕಾಣುವ ಪ್ರತಿ ಮುರಿದ ಮೂರ್ತಿಯನ್ನೂ 1565ರ ಯುದ್ಧದ ಲೆಕ್ಕಕ್ಕೆ ಬರೆಯುವುದು ರೂಢಿ. ಆಗಿನ ನಾಶ ಸಣ್ಣದಲ್ಲ, ನಿಜ. ಆದರೆ ನಿಧಿಯಾಸೆಗೆ ಅಗೆದವರ ಲೆಕ್ಕ? ಕಂಬ ಉರುಳಿಸಿದ ವಿಡಿಯೊ ಹೊರಬಂದ ವರ್ಷವೇ, ಜುಲೈ ತಿಂಗಳಲ್ಲಿ, ಆನೆಗೊಂದಿಯ ನವಬೃಂದಾವನ ನಡುಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಕಿತ್ತುಹಾಕಿದರು. ಭಕ್ತರು ಸೇರಿ ಅದನ್ನು ಮತ್ತೆ ಕಟ್ಟಿದರು.

ಸಂರಕ್ಷಿತ ಸ್ಮಾರಕ ಹಾಳುಮಾಡಿದರೆ 1958ರ ಕಾಯ್ದೆಯಡಿ ಮೊದಲು ಹೆಚ್ಚೆಂದರೆ ಮೂರು ತಿಂಗಳ ಸಜೆ, ಐದು ಸಾವಿರ ರೂಪಾಯಿ ದಂಡ ಇತ್ತು. 2010ರ ತಿದ್ದುಪಡಿ ಅದನ್ನು ಎರಡು ವರ್ಷ, ಒಂದು ಲಕ್ಷ ರೂಪಾಯಿಗೆ ಏರಿಸಿತು. ಹಂಪಿಯ ಪ್ರಕರಣದಲ್ಲಿ ಸಿಕ್ಕಿಬಿದ್ದ ನಾಲ್ವರಿಗೆ ಹೊಸಪೇಟೆಯ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ವಿಧಿಸಿತು. ಜೊತೆಗೆ ಕಂಬವನ್ನು ಅವರೇ ಎತ್ತಿ ನಿಲ್ಲಿಸಬೇಕೆಂದೂ ಹೇಳಿತು. ಬೀಳಿಸಲು ಒಂದು ತಳ್ಳು ಸಾಕಾಗಿತ್ತು. ನಿಲ್ಲಿಸಲು ಪುರಾತತ್ವ ಇಲಾಖೆಯವರ ಮೇಲ್ವಿಚಾರಣೆ ಬೇಕಾಯಿತು.