ಹಳೇ ತೆರಿಗೆ, ಸೋರುವ ಛಾವಣಿ: ಓಹಾಯೋದ ಶಾಲೆಗಳು ಮತ್ತೆ ಮತ್ತೆ ಮತ ಕೇಳೋದು ಯಾಕೆ?

ಅಮೆರಿಕದ ಓಹಾಯೋ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಛಾವಣಿ ಸೋರಿದರೆ ರಿಪೇರಿಗೆ ದುಡ್ಡು ಕೊಡಬೇಕೋ ಬೇಡವೋ ಅನ್ನೋದನ್ನು ಬಹುಪಾಲು ಆ ಊರಿನ ಮತದಾರರೇ ತೀರ್ಮಾನಿಸುತ್ತಾರೆ. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರುಗಳೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಇರುತ್ತದೆ: ಶಾಲಾ ಕಟ್ಟಡಗಳಿಗೆ ಇಷ್ಟು ಮಿಲ್ ಆಸ್ತಿತೆರಿಗೆ, ಇಷ್ಟು ವರ್ಷಕ್ಕೆ, ನವೀಕರಣ. ಪರವೋ, ವಿರೋಧವೋ? ಕೊಲಂಬಸ್, ಸಿನ್ಸಿನಾಟಿ, ಕ್ಲೀವ್‌ಲ್ಯಾಂಡ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡಿಗರ ಜೇಬಿಗೂ ಈ ಪ್ರಶ್ನೆ ತಾಗುತ್ತದೆ. ಹಾಗಾಗಿ ಇದರ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮಿಲ್ ಅಂದ್ರೆ ಎಷ್ಟು?

ಒಂದು ಮಿಲ್ ಅಂದ್ರೆ ಸಾವಿರ ಡಾಲರ್ ತೆರಿಗೆ ಮೌಲ್ಯಕ್ಕೆ ಒಂದು ಡಾಲರ್. ಓಹಾಯೋದಲ್ಲಿ ಮನೆಯ ಮಾರುಕಟ್ಟೆ ಬೆಲೆಯ ಶೇ 35ರಷ್ಟನ್ನು ಮಾತ್ರ ತೆರಿಗೆ ಮೌಲ್ಯ ಅಂತ ಹಿಡಿಯುತ್ತಾರೆ. 3 ಲಕ್ಷ ಡಾಲರ್ ಮನೆಯ ತೆರಿಗೆ ಮೌಲ್ಯ 1.05 ಲಕ್ಷ ಡಾಲರ್. ಅದರ ಮೇಲೆ 2 ಮಿಲ್ ಅಂದ್ರೆ, ರಿಯಾಯಿತಿಗಳನ್ನು ಕಳೆಯುವ ಮುಂಚೆ, ವರ್ಷಕ್ಕೆ 210 ಡಾಲರ್.

ಜನರ ಒಪ್ಪಿಗೆ ಇಲ್ಲದೆ ಕೌಂಟಿ, ಊರು, ಶಾಲೆ ಎಲ್ಲ ಸೇರಿ ಹಾಕಬಹುದಾದ ಆಸ್ತಿತೆರಿಗೆಗೆ ಅಲ್ಲಿ 10 ಮಿಲ್ ಮಿತಿ ಇದೆ. ಅದರ ಮೇಲೆ ಏನು ಬೇಕಿದ್ದರೂ ಮತಕ್ಕೆ ಹೋಗಬೇಕು. ಹೀಗೆ ಮತ ಪಡೆದು ಹಾಕುವ ತೆರಿಗೆಗೆ 'ಲೆವಿ' ಅಂತಾರೆ.

ಕಟ್ಟಡಕ್ಕೆ ಅಂತ ಹಾಕುವ ಲೆವಿಯ ದುಡ್ಡಿಗೆ ಕಾನೂನಿನ ಬೇಲಿ ಇದೆ. ಕನಿಷ್ಠ ಐದು ವರ್ಷ ಬಾಳುವಂಥದ್ದಕ್ಕೆ ಮಾತ್ರ ಖರ್ಚು ಮಾಡಬೇಕು: ಛಾವಣಿ, ಬಾಯ್ಲರ್, ಕಿಟಕಿ, ಶಾಲಾ ಬಸ್ಸು. ಶಿಕ್ಷಕರ ಸಂಬಳಕ್ಕೆ ಮುಟ್ಟುವಂತಿಲ್ಲ. 'ತೆರಿಗೆ ಕೊಟ್ಟರೆ ಎಲ್ಲಾ ಸಂಬಳಕ್ಕೇ ಹೋಗುತ್ತೆ' ಅನ್ನೋ ದೂರು ಈ ಲೆವಿಗೆ ಅನ್ವಯಿಸಲ್ಲ.

ನವೀಕರಣ ಅಂದ್ರೆ ಹೆಚ್ಚಳ ಅಲ್ಲ

ಗೊಂದಲ ಇರೋದು ಇಲ್ಲೇ. 1976ರ ಒಂದು ರಾಜ್ಯ ಕಾನೂನಿನ ಪ್ರಕಾರ, ಮರುಮೌಲ್ಯಮಾಪನದಲ್ಲಿ ಮನೆಗಳ ಬೆಲೆ ಏರಿದರೆ ಲೆವಿಯ ದರ ತಾನಾಗಿಯೇ ಇಳಿಯುತ್ತದೆ. ಈಗಾಗಲೇ ಇರುವ ಆಸ್ತಿಗಳಿಂದ ಶಾಲೆಗೆ ಒಟ್ಟಾರೆ ಮೊದಲು ಎಷ್ಟು ಬರುತ್ತಿತ್ತೋ ಅಷ್ಟೇ ಬರಬೇಕು ಅನ್ನೋದು ಅದರ ತರ್ಕ. ಹೊಸ ಕಟ್ಟಡಗಳು ಎದ್ದರೆ ಮಾತ್ರ ಸ್ವಲ್ಪ ಸೇರುತ್ತದೆ. ನವೀಕರಿಸಿದರೂ ಸಿಗೋದು ಹಳೇ ಮೊತ್ತವೇ.

ಬೆಲೆಗಳು ಮಾತ್ರ ಹಾಗೇ ನಿಲ್ಲುವುದಿಲ್ಲ. 2005ರಿಂದ 2024ರ ನಡುವೆ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು ಶೇ 60ರಷ್ಟು ಏರಿದೆ. 2005ರಲ್ಲಿ 10 ಲಕ್ಷ ಡಾಲರ್ ತರುತ್ತಿದ್ದ ಲೆವಿ ಈಗಲೂ ಅಷ್ಟೇ ತಂದರೆ, ಅದರಿಂದ ಆಗೋದು ಅಂದಿನ 6.2 ಲಕ್ಷದಷ್ಟು ಕೆಲಸ. ಮತದಾರರು ಪ್ರತಿಸಲ 'ಸರಿ' ಅಂದರೂ ರಿಪೇರಿ ಬಜೆಟ್ ಒಳಗೊಳಗೇ ಕರಗುತ್ತಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. 2013ರ ಕಾನೂನು ಬದಲಾವಣೆಗೆ ಮುಂಚೆ ಒಪ್ಪಿಗೆ ಪಡೆದ ಲೆವಿಗಳಲ್ಲಿ ಮನೆಮಾಲೀಕರ ಪಾಲಿನ ಒಂದಂಶವನ್ನು ರಾಜ್ಯವೇ ಭರಿಸುತ್ತಾ ಬಂದಿದೆ. ನವೀಕರಿಸಿದರೆ ಆ ರಿಯಾಯಿತಿ ಮುಂದುವರಿಯುತ್ತದೆ. ಲೆವಿ ಕೈತಪ್ಪಿ ಹೋಗಿ, ಮುಂದೆಂದೋ ಅಷ್ಟೇ ಮೊತ್ತವನ್ನು ಹೊಸ ಲೆವಿಯಾಗಿ ತಂದರೆ ರಿಯಾಯಿತಿ ಇಲ್ಲ. ಇವತ್ತು ಉಳಿಸಿದೆವು ಅಂದುಕೊಂಡವರು ನಾಳೆ ಅದೇ ಕೆಲಸಕ್ಕೆ ಹೆಚ್ಚು ಕೊಡಬೇಕಾಗುತ್ತದೆ.

23 ವರ್ಷದ ಗಡುವು

1997ರಲ್ಲಿ ಡಿರಾಲ್ಫ್ ಪ್ರಕರಣದಲ್ಲಿ ಓಹಾಯೋ ಸುಪ್ರೀಂ ಕೋರ್ಟ್, ರಾಜ್ಯದ ಶಾಲಾ ಹಣಕಾಸು ವ್ಯವಸ್ಥೆಯೇ ಸಂವಿಧಾನಬಾಹಿರ ಎಂದಿತು. ಶಿಥಿಲ ಕಟ್ಟಡಗಳ ಸ್ಥಿತಿ ಆ ಮೊಕದ್ದಮೆಯ ದೊಡ್ಡ ಸಾಕ್ಷ್ಯವಾಗಿತ್ತು. ಆಮೇಲೆ ರಾಜ್ಯ ಹೊಸ ಕಟ್ಟಡಗಳಿಗೆ ನೆರವು ಕೊಡತೊಡಗಿತು, ಒಂದು ಷರತ್ತಿನ ಮೇಲೆ: ಆ ಕಟ್ಟಡಗಳ ನಿರ್ವಹಣೆಗೆ ಊರಿನವರು ಸಾಮಾನ್ಯವಾಗಿ 23 ವರ್ಷ ಅರ್ಧ ಮಿಲ್ ತೆರಿಗೆ ಕಟ್ಟಬೇಕು. 1 ಲಕ್ಷ ಡಾಲರ್ ಮನೆಗೆ ಅದು ವರ್ಷಕ್ಕೆ ಹೆಚ್ಚೆಂದರೆ 17.50 ಡಾಲರ್.

1999ರಲ್ಲಿ ಶುರುವಾದ 23 ವರ್ಷ 2022ಕ್ಕೆ ಮುಗಿಯಿತು, 2003ರದ್ದು 2026ಕ್ಕೆ. ನಾನು ಎಂಜಿನಿಯರಿಂಗ್ ಓದಿದವನು, ನನಗೆ ಇಲ್ಲಿ ಮೊದಲು ಕಣ್ಣಿಗೆ ಬೀಳೋದು ಈ ಗಡುವಿನ ಎಡವಟ್ಟು. ಚಪ್ಪಟೆ ಛಾವಣಿಯ ಹೊದಿಕೆ ಸುಮಾರು 20ರಿಂದ 30 ವರ್ಷ ಬಾಳುತ್ತದೆ. ಛಾವಣಿ ಮೇಲಿನ ಏಸಿ ಘಟಕಗಳಿಗೆ 15ರಿಂದ 20 ವರ್ಷ. ಕಟ್ಟಡ ಹೊಸದಿದ್ದಾಗ, ಅಂದ್ರೆ ಖರ್ಚು ಕಮ್ಮಿ ಇದ್ದಾಗ, ತೆರಿಗೆ ಇತ್ತು. ದೊಡ್ಡ ಬಿಲ್ ಬರುವ ಹೊತ್ತಿಗೆ ಸರಿಯಾಗಿ ತೆರಿಗೆಯ ಅವಧಿ ಮುಗಿಯುತ್ತದೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ದೇಶದಾದ್ಯಂತ ಸುಮಾರು 36,000 ಶಾಲೆಗಳಲ್ಲಿ ಗಾಳಿ-ಶಾಖ ವ್ಯವಸ್ಥೆಯನ್ನು ಬದಲಿಸಬೇಕು ಇಲ್ಲವೇ ಸುಧಾರಿಸಬೇಕು.

ಬೇಡ ಅನ್ನುವವರ ಮಾತು

ವಿರೋಧಿಸುವವರೆಲ್ಲ ಜಿಪುಣರಲ್ಲ. ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಮನೆಯ ಬೆಲೆ ಏರಿದ್ದು ಕಾಗದದ ಮೇಲಿನ ಶ್ರೀಮಂತಿಕೆ, ತೆರಿಗೆ ಬಿಲ್ ಮಾತ್ರ ನಿಜದ್ದು. 65 ದಾಟಿದ ಕಡಿಮೆ ಆದಾಯದವರಿಗೆ ವಿನಾಯಿತಿ ಇದ್ದರೂ ಸಿಟ್ಟು ಆರಿಲ್ಲ. ಆಸ್ತಿತೆರಿಗೆಯನ್ನೇ ರದ್ದು ಮಾಡಲು ಸಂವಿಧಾನ ತಿದ್ದುಪಡಿ ಬೇಕೆಂದು 2025ರಲ್ಲಿ ಓಹಾಯೋದಲ್ಲಿ ಸಹಿ ಸಂಗ್ರಹವೂ ನಡೆಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 100 ಕೋಟಿ ಡಾಲರ್ ತೆರಿಗೆ ಮೌಲ್ಯದ ಊರಿನಲ್ಲಿ ಒಂದು ಮಿಲ್ 10 ಲಕ್ಷ ಡಾಲರ್ ತರುತ್ತದೆ. 10 ಕೋಟಿಯ ಊರಿನಲ್ಲಿ ಬರೀ 1 ಲಕ್ಷ. ಛಾವಣಿಯ ರೇಟು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಜತೆಗೆ, ಎಚ್‌-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವ ನಮ್ಮವರು ತೆರಿಗೆ ಕಟ್ಟುತ್ತಾರೆ, ಮಕ್ಕಳನ್ನು ಅದೇ ಶಾಲೆಗೆ ಕಳಿಸುತ್ತಾರೆ, ಆದರೆ ಪೌರತ್ವ ಇಲ್ಲದ ಕಾರಣ ಮತ ಹಾಕುವಂತಿಲ್ಲ.

ಇಷ್ಟಾದರೂ ನಾನು ನವೀಕರಣದ ಪರ. ವ್ಯವಸ್ಥೆ ಅನ್ಯಾಯದ್ದಾದರೆ ಅದನ್ನು ಸರಿಮಾಡಬೇಕಾದ್ದು ರಾಜ್ಯದ ಶಾಸನಸಭೆಯಲ್ಲಿ. ಅಲ್ಲಿಯವರೆಗೆ ರಿಪೇರಿ ನಿಲ್ಲಿಸಿದರೆ ಪೆಟ್ಟು ಬೀಳೋದು ಬಡ ಊರಿನ ಮಕ್ಕಳಿಗೇ. ಛಾವಣಿಯ ಸೀಳನ್ನು ಈಗ ಮುಚ್ಚದಿದ್ದರೆ ಮುಂದೆ ತಾರಸಿ, ಗೋಡೆ, ವೈರಿಂಗ್ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ನಮ್ಮಲ್ಲಿ ಆಸ್ತಿತೆರಿಗೆಯ ಜತೆ ಗ್ರಂಥಾಲಯ ಸೆಸ್, ಆರೋಗ್ಯ ಸೆಸ್ ಕಟ್ಟುತ್ತೇವೆ, ಯಾರೂ ಮತ ಕೇಳಲ್ಲ. ಸರ್ಕಾರಿ ಶಾಲೆಯ ಸಣ್ಣಪುಟ್ಟ ರಿಪೇರಿಗೆ ಸಮಗ್ರ ಶಿಕ್ಷಾ ಅನುದಾನದ ಮಾನದಂಡ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, ಸಾವಿರ ದಾಟಿದ ಶಾಲೆಗೆ 1 ಲಕ್ಷ. ಓಹಾಯೋದ ಪದ್ಧತಿಯನ್ನು ಹಾಗೇ ತರಬೇಕು ಅಂತ ನಾನು ಹೇಳಲ್ಲ. ಆದರೆ ಅಲ್ಲಿನ ಶಾಲಾ ಮಂಡಳಿ ಮತ ಕೇಳುವ ಮುಂಚೆ ಯಾವ ಕಟ್ಟಡಕ್ಕೆ ಏನು ಬೇಕು, ಎಷ್ಟು ಖರ್ಚು, ಎಷ್ಟು ವರ್ಷ ಅಂತ ಜನರಿಗೆ ಮನವರಿಕೆ ಮಾಡಬೇಕಾಗುತ್ತದೆ. ಅಂಥದ್ದೊಂದು ಪಟ್ಟಿಯನ್ನು ನಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಕೇಳೋಕೆ ನಮಗೆ ಯಾವ ಚುನಾವಣೆಯೂ ಬೇಕಿಲ್ಲ.