ಸುಣ್ಣ, ಸುರ್ಕಿ, ಸಿಮೆಂಟು

ಮೈಸೂರಿನಲ್ಲಿ ನಮ್ಮ ತಾತನವರು ಕಟ್ಟಿಸಿದ ಮನೆಯ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಅಲ್ಲಲ್ಲಿ ಗಾರೆ ಉದುರಿತೆಂದು ಕೆಲವು ವರ್ಷಗಳ ಹಿಂದೆ ನಡುಮನೆಯ ಗೋಡೆಗೆ ಸಿಮೆಂಟು ಮೆತ್ತಿಸಿದೆ. ಇನ್ನು ನೂರು ವರ್ಷ ಚಿಂತೆಯಿಲ್ಲವೆಂದು ಮನೆಯವರ ಮುಂದೆ ಜಂಭವನ್ನೂ ಕೊಚ್ಚಿದೆ. ಮೂರನೆಯ ಮಳೆಗಾಲಕ್ಕೆ ಆ ಗೋಡೆ ಬೆವರತೊಡಗಿತು. ಬಣ್ಣ ಉಬ್ಬಿ, ಸಿಮೆಂಟು ಹಪ್ಪಳದಂತೆ ಎದ್ದು ಬಂತು. ನಾನು ಮುಟ್ಟದೆ ಬಿಟ್ಟಿದ್ದ ಅಡಿಗೆಮನೆಯ ಗೋಡೆ ಮಾತ್ರ ಒಣಗಿಕೊಂಡೇ ಇತ್ತು!

ಹುಡುಕಿ ಕರೆತಂದ ಗಾರೆ ಕೆಲಸದ ಹಿರಿಯರೊಬ್ಬರು ಗೋಡೆ ತಟ್ಟಿ ನೋಡಿ, “ಇದರ ಉಸಿರು ಕಟ್ಟಿಸಿದ್ದೀರಿ ಸ್ವಾಮಿ” ಎಂದರು. ಮಾತು ನಿಜ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ನೆಲದಿಂದ ಏರಿದ ತೇವ ಅವುಗಳ ಮೂಲಕ ಹೊರಬಿದ್ದು ಆರುತ್ತದೆ. ಒತ್ತಾದ ಸಿಮೆಂಟಿನ ಹೊದಿಕೆ ಆ ದಾರಿಯನ್ನು ಮುಚ್ಚುತ್ತದೆ.

“ಆದರೂ ಯಜಮಾನರೇ, ಭದ್ರತೆಗೆ ಸಿಮೆಂಟೇ ಅಲ್ಲವೇ?” ಎಂದೆ. ಅವರು ನಕ್ಕು, ತಮ್ಮ ತಾತ ಕನ್ನಂಬಾಡಿಯಲ್ಲಿ ಗಾರೆ ಕಲೆಸಿದವರೆಂದರು. ನಾನು ಸುಮ್ಮನಾದೆ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ 1824ರಲ್ಲೇ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದಿದ್ದನಾದರೂ, ನಮ್ಮ ದೇಶದಲ್ಲಿ ಅದರ ತಯಾರಿಕೆ ನೆಲೆಗೊಂಡದ್ದು 1914ರಲ್ಲಿ, ಪೋರಬಂದರಿನಲ್ಲಿ. ಕಾವೇರಿಯನ್ನು ತಡೆದ, 130 ಅಡಿ ಎತ್ತರದ ಆ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಸುರ್ಕಿಯೆಂದರೆ ಸುಟ್ಟ ಜೇಡಿಮಣ್ಣಿನ ಪುಡಿ. ಸುಣ್ಣದೊಡನೆ ಬೆರೆತರೆ ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ರೋಮನರು ಜ್ವಾಲಾಮುಖಿಯ ಬೂದಿಯಿಂದ ಸಾಧಿಸಿದ್ದನ್ನು ನಮ್ಮವರು ಇಟ್ಟಿಗೆಯ ಪುಡಿಯಿಂದಲೇ ಸಾಧಿಸಿದರು.

ಇಂದು ಇದನ್ನು ನೆನೆಯಲು ಬೇರೊಂದು ಕಾರಣವೂ ಇದೆ. ಸಿಮೆಂಟಿಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉರಿ ಬೇಕು. ಸುಣ್ಣಕ್ಕೆ ಸುಮಾರು 900 ಸಾಕು. ಸುಡುವಾಗ ಸುಣ್ಣದಕಲ್ಲು ಬಿಟ್ಟ ಇಂಗಾಲಾಮ್ಲದ ಒಂದು ಭಾಗವನ್ನು ಗಾರೆ ಗಟ್ಟಿಯಾಗುತ್ತ ಗಾಳಿಯಿಂದ ಮರಳಿ ಪಡೆಯುತ್ತದೆ. ಮನುಷ್ಯನಿಂದ ಜಗತ್ತಿನ ವಾಯುಮಂಡಲ ಸೇರುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು.

ಹಾಗೆಂದು ಸಿಮೆಂಟನ್ನು ಶಪಿಸುವುದು ಸಲ್ಲದು. ಹತ್ತು ಅಂತಸ್ತಿನ ಕಟ್ಟಡವನ್ನು ಸುಣ್ಣದಿಂದ ಎಬ್ಬಿಸಲಾಗದು. ಸುಣ್ಣವೂ ಉರಿಯಿಲ್ಲದೆ ಹುಟ್ಟದು. ಹಳೆಯದೆಂಬ ಕಾರಣಕ್ಕೇ ಯಾವುದೂ ಒಳ್ಳೆಯದಾಗುವುದಿಲ್ಲ. ಆದರೆ ಯಾವ ಗೋಡೆಗೆ ಯಾವುದು ಹೊಂದುತ್ತದೆಂಬ ವಿವೇಕ ಹಿಂದಿನವರಿಗಿತ್ತು. ನಾನು ಅದನ್ನು ವಿಚಾರಿಸಲೇ ಇಲ್ಲ.

ಕೊನೆಗೆ ಸಿಮೆಂಟನ್ನು ಕೆತ್ತಿಸಿ ತೆಗೆಸಿದೆ. ಸುಣ್ಣ ವಾರಗಟ್ಟಲೆ ನೀರಿನಲ್ಲಿ ನೆನೆಯಬೇಕೆಂದಾಗ ನಾನು ಚಡಪಡಿಸಿದೆ. “ಗೋಡೆಗೆ ಅವಸರವಿಲ್ಲ ಸ್ವಾಮಿ, ಅವಸರ ನಿಮಗೆ” ಎಂದರು ಯಜಮಾನರು. ಕಳೆದ ಮಳೆಗಾಲದಲ್ಲಿ ಗೋಡೆ ಬೆವರಲಿಲ್ಲ.

ಅವರ ಮಗ ಸಿಮೆಂಟಿನ ಕೆಲಸಕ್ಕೆ ಹೋಗುತ್ತಾನಂತೆ. ಸುಣ್ಣದಕಲ್ಲು ನಾಳೆಯೂ ಸಿಕ್ಕೀತು. ಅದನ್ನು ಹದ ಮಾಡಬಲ್ಲ ಕೈ?